ಹಗೇವು ಸೇರಿದ ಬಿತ್ತನೆ ರಾಗಿ

"ಗುರುಗಳೇ, ಎಲ್ಲ ಮಾಹಿತಿಯನ್ನೂ ಸರ್ವರ್‌ನಲ್ಲೇ ಇಟ್ಟಿದ್ದೇನೆ. ಫೋನಿನಲ್ಲಿ ಒಂದಕ್ಷರವೂ ಉಳಿಯುವುದಿಲ್ಲ. ಇದಕ್ಕಿಂತ ಭದ್ರವಾದ ಜಾಗ ಬೇರೆ ಇದೆಯೇ?" ಎಂದು ಮಂದಾಕಿನಿ ಕೇಳಿದಳು.

ಕೇಳಿದ್ದು ಹೆಸರಿಗೆ ಮಾತ್ರ. ಅವಳಿಗೆ ಬೇಕಾಗಿದ್ದದ್ದು ಶಹಬಾಸ್‌ಗಿರಿ. ಖುಷಿಗೆ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಗುಡ್ಡಗಾಡಿನಲ್ಲಿ ಹೆರಿಗೆ ಮಾಡಿಸುವ ದಾದಿಯರಿಗೆಂದು ಅವಳು ಕಟ್ಟಿದ ಆ್ಯಪ್ ಮರುದಿನದ ಸಮಾರಂಭದಲ್ಲಿ ಅವರ ಕೈ ಸೇರಲಿತ್ತು. ಯಾವ ಬಸುರಿಯ ರಕ್ತದ ಗುಂಪು ಯಾವುದು, ಯಾರಿಗೆ ಯಾವ ಔಷಧಿ ಒಗ್ಗುವುದಿಲ್ಲ ಎಂಬುದೆಲ್ಲ ಅದರಲ್ಲಿತ್ತು. ದಾದಿ ಕೇಳಿದ ಕೂಡಲೇ ಅದು ಸರ್ವರ್‌ನಿಂದ ಇಳಿದು ಬರುತ್ತಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿಗೆ ಆ ವರ್ಷ ರಾಗಿ ಹುಲುಸಾಗಿ ಬೆಳೆಯಿತು. ಊರವರು ಕೂಡಿ ಕಾಳು ಹಾಕುವ ಹಗೇವು ಅಲ್ಲಿತ್ತು. ಗಟ್ಟಿ ನೆಲದಲ್ಲಿ ಅಗೆದ ಆಳದ ಗುಂಡಿ, ಬಾಯಿಗೆ ಚಪ್ಪಡಿ, ಅದರ ಮೇಲೆ ಮಣ್ಣು. ರೈತ ಹಿಗ್ಗಿನಲ್ಲಿ ರಾಗಿಯನ್ನೆಲ್ಲ ಅದಕ್ಕೇ ಸುರಿದ.

"ಬಿತ್ತನೆ ರಾಗೀನೂ ಅಲ್ಲಿಗೇ ಹಾಕ್ಬಿಟ್ರಾ?" ಎಂದು ಹೆಂಡತಿ ಗಾಬರಿಯಾದಳು.

"ಸುಮ್ನಿರೇ! ಹಗೇವು ಅಂದ್ರೆ ಏನಂದ್ಕೊಂಡೆ? ಇಲಿ ಇಲ್ಲ, ಹುಳ ಇಲ್ಲ, ಕಳ್ಳರ ಕಾಟ ಇಲ್ಲ," ಎಂದು ರೈತ ಮೀಸೆ ತಿರುವಿದ.

ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಆದರೆ ಮುಂಗಾರು ಹಿಡಿದ ದಿನ ಊರಿಗೆ ಊರೇ ಬೀಜ ಬಿತ್ತುವ ಕೂರಿಗೆ ಹೊತ್ತು ಹೊಲಕ್ಕೆ ಓಡಿತು. ಇವನು ಹಾರೆ ಹಿಡಿದು ಹಗೇವಿನ ಕಡೆ ಓಡಿದ. ಹಿರಿಯರು ಅಡ್ಡ ನಿಂತರು.

"ಈ ಮಳೇಲಿ ಬಾಯಿ ತೆಗೆದ್ರೆ ನೀರು ನುಗ್ತದೆ ಕಣಯ್ಯ. ನಿನ್ನ ಬಿತ್ತನೆಗೋಸ್ಕರ ಊರಿನ ಊಟ ಕೊಳೀಬೇಕಾ?"

ರೈತ ನೆರೆಮನೆಗಳಿಗೆ ಎಡತಾಕಿದ. ಅವರವರ ಅಟ್ಟದಲ್ಲಿ ಅವರವರ ಹೊಲಕ್ಕಾಗುವಷ್ಟು ಬೀಜವೇ ಇತ್ತು. ಮಳೆ ನಿಂತು ಹಗೇವು ತೆರೆಯುವ ಹೊತ್ತಿಗೆ ಹೊಲದ ಹದ ಆರಿಹೋಗಿತ್ತು. ರಾಗಿ ಒಂದು ಕಾಳೂ ಕೆಟ್ಟಿರಲಿಲ್ಲ. ಹೊಲ ಮಾತ್ರ ಬೀಳು ಬಿತ್ತು.

ಸಿಗ್ನಲ್ ಇಲ್ಲದ ಕಡೆ ಸರ್ವರ್‌ನಿಂದ ಏನೂ ಇಳಿಯದು ಎಂಬುದು ಹೊಳೆದು ಮಂದಾಕಿನಿಯ ಮುಖ ಸಪ್ಪಗಾಯಿತು. ಆದರೂ ಬುದ್ಧಿ ಚುರುಕು, ಸೋಲೊಪ್ಪುವ ಹುಡುಗಿಯಲ್ಲ.

"ಹಾಗಾದರೆ ಎಲ್ಲರ ಮಾಹಿತಿಯನ್ನೂ ಎಲ್ಲ ದಾದಿಯರ ಫೋನಿಗೂ ತುಂಬಲೇ? ಒಂದು ಫೋನ್ ಕಳೆದರೆ ಅಷ್ಟು ಹೆಣ್ಣುಮಕ್ಕಳ ಗುಟ್ಟು ಬೀದಿಗೆ ಬರುತ್ತದಲ್ಲ!"

"ನೆರೆಯವರ ಅಟ್ಟದಲ್ಲಿ ಊರಿನ ರಾಗಿ ಇತ್ತೇನಮ್ಮ? ದಾದಿಗೆ ಅವಳು ನೋಡಿಕೊಳ್ಳುವ ಬಸುರಿಯರದ್ದಷ್ಟನ್ನು ಕೊಡು, ಅದಕ್ಕೂ ಬೀಗ ಹಾಕಿ ಕೊಡು. ಮಿಕ್ಕಿದ್ದು ಹಗೇವಿನಲ್ಲಿರಲಿ."

ಅವಳ ಕಣ್ಣು ಮತ್ತೆ ಅರಳಿತು. ಆಗುತ್ತದೆ, ಖಂಡಿತ ಆಗುತ್ತದೆ! ಹೇಗೆ ಮಾಡುವುದೆಂದು ಆಗಲೇ ಮನಸ್ಸಿನಲ್ಲಿ ಹೊಳೆಯತೊಡಗಿತ್ತು. ಆದರೆ ನಾಳೆಯ ಸಮಾರಂಭ ನೆನಪಾಯಿತು.

"ಸಿಗ್ನಲ್ ಸಿಗದ ಊರು ಇರುವುದೇ ಕೆಲವು, ಗುರುಗಳೇ. ನಾಳೆ ಹೇಗಿದೆಯೋ ಹಾಗೇ ಕೊಟ್ಟುಬಿಡುತ್ತೇನೆ. ಇದನ್ನು ಮುಂದಿನ ತಿಂಗಳು ಸೇರಿಸಿದರೆ ಆಗದೇ?"

ಗುರುಗಳು ಎದ್ದು ಹೆಗಲಿಗೆ ವಸ್ತ್ರ ಹಾಕಿಕೊಂಡರು.

"ಆ ಊರುಗಳ ಬಸುರಿಯರಿಗೆ ಹೇಳಿ ಬಾ, ಮುಂದಿನ ತಿಂಗಳವರೆಗೆ ಹೆರಬೇಡಿರೆಂದು."