ಹತ್ತಿ ತುಂಬಿದ ಕಿವಿ

ಕಾಯುವ ದೇವರು ಒಬ್ಬನೇ. ಅವನು ಕಾವಲಿಗೆ ಕಳಿಸುವವರು ಹಲವರು. ಬಾಣಂತಿ ಪಂಪಾವತಿಯ ದಿಂಬಿನ ಬಳಿ ದೃಷ್ಟಿ ತಾಗದಿರಲೆಂದು ಇಟ್ಟ ಕಬ್ಬಿಣದ ಅಡಕತ್ತರಿಯಿತ್ತು. ಪಕ್ಕದಲ್ಲೇ ನರ್ಸಮ್ಮ ಆರೈಕೆಯ ಆ್ಯಪ್ ಹಾಕಿಕೊಟ್ಟ ಫೋನೂ ಇತ್ತು.

"ತಂಗೀ, ತಲೆನೋವಿದೆಯೇ? ಕಣ್ಣು ಮಂಜಾಗಿದೆಯೇ?" ಎಂದು ಫೋನು ದಿನವೂ ಕೇಳುತ್ತಿತ್ತು. ಪಂಪಾವತಿ ಸುಮ್ಮನೆ ಮಲಗಿರುತ್ತಿದ್ದಳು.

"ಏನಪ್ಪಾ ಪಂಡಿತ," ಎಂದು ಅಡಕತ್ತರಿ ನಕ್ಕಿತು, "ಶೀತವಾದೀತೆಂದು ತಾಯಿ ಹಾಲಮ್ಮ ಅವಳ ಕಿವಿಗೆ ಹತ್ತಿ ತುರುಕಿ ಸ್ಕಾರ್ಫ್ ಬಿಗಿದಿದ್ದಾಳೆ. ನಿನ್ನ ಪ್ರಶ್ನೆ ಕೇಳಿಸುವುದು ನನಗೊಬ್ಬನಿಗೇ. ನನಗೆ ತಲೆನೋವಿಲ್ಲ, ಬರಕೋ!"

"ನಗಬೇಡಣ್ಣಾ. ಅವಳು ಹಣೆ ಒತ್ತಿಕೊಳ್ಳುತ್ತಿದ್ದಾಳೆ, ಮುಖ ಊದಿದೆ. ಬಿಪಿ ಏರಿದ್ದರೆ ಜೀವಕ್ಕೇ ಅಪಾಯ."

ಅಡಕತ್ತರಿಯ ನಗು ನಿಂತಿತು. "ಹಾಗಾದರೆ ಕೂಗಬೇಡ, ನಡುಗು. ನಿನ್ನ ನಡುಕ ನನಗೆ ತಾಗಲಿ, ನನ್ನ ತಿವಿತ ಅವಳಿಗೆ ತಾಗಲಿ."

ಶಿವನ ಹೆಸರು ಹೇಳಿ ಫೋನು ನಡುಗಿತು. ಅಡಕತ್ತರಿ ಗಡಗಡ ಕುಣಿದು ಪಂಪಾವತಿಯ ಕೆನ್ನೆಗೆ ತಿವಿಯಿತು. ಅವಳು ಎದ್ದು, ಫೋನು ನಡುಗುತ್ತಿರುವುದನ್ನು ಕಂಡು, ಸ್ಕಾರ್ಫ್ ಸಡಿಲಿಸಿ, ಹತ್ತಿ ತೆಗೆದು ಪ್ರಶ್ನೆ ಕೇಳಿಸಿಕೊಂಡಳು. "ಹೂಂ, ಎರಡೂ ಇವೆ" ಎಂದಳು. ಕೂಡಲೇ ಫೋನು ನರ್ಸಮ್ಮನನ್ನು ಕರೆಯಿತು. ಗಾಡಿ ಬಂತು, ಜೀವ ಉಳಿಯಿತು.

ಮಗಳು ಆಸ್ಪತ್ರೆಯಿಂದ ಮರಳಿದ ದಿನ ಹಾಲಮ್ಮ ಅಡಕತ್ತರಿಗೆ ಕುಂಕುಮ ಹಚ್ಚಿ, "ಈ ಕಬ್ಬಿಣವೇ ಕಾಯಿತು ನನ್ನ ಮಗಳನ್ನ" ಎಂದು ಕೈಮುಗಿದಳು. ಅಡಕತ್ತರಿ ನಾಚಿ ಫೋನಿನತ್ತ ನೋಡಿತು.

"ಪೂಜೆ ನಿನಗಿರಲಿ ಬಿಡಣ್ಣಾ," ಎಂದಿತು ಫೋನು, "ನನಗೊಂದು ಕಿವಿ ಸಿಕ್ಕರೆ ಸಾಕು."

ಅಷ್ಟರಲ್ಲಿ ಹಾಲಮ್ಮ ಹೊಸ ಹತ್ತಿ ತಂದಳು. ಪಂಪಾವತಿ ಎಡಗಿವಿ ಒಡ್ಡಿದಳು, ಬಲಗಿವಿಗೆ ಕೈ ಅಡ್ಡ ಹಿಡಿದಳು.

"ಅವ್ವಾ, ಇದೊಂದು ತೆರೆದೇ ಇರಲಿ. ದೇವರು ಯಾರ ಬಾಯಲ್ಲಿ ಮಾತಾಡುತ್ತಾನೋ!"