ಎಡಗಿವಿಯ ಗಾಳಿ

“ಗುರುಗಳೇ, ಕೀರ್ತನೆಗೆ ನಿಂತಾಗ ಸಭೆಯ ಮುಖ ನೋಡಿದರೆ ನನ್ನ ನಾಲಿಗೆ ತೊದಲುತ್ತದೆ. ಕಣ್ಣು ಮುಚ್ಚಿಕೊಂಡರೆ ಒಂದಕ್ಷರವೂ ತಪ್ಪುವುದಿಲ್ಲ. ಕಣ್ಣು ಮುಚ್ಚಿಯೇ ಹೇಳಬಹುದಲ್ಲವೇ?” ಎಂದು ಶಿಷ್ಯ ಮುಕುಂದ ಕೇಳಿದ.

ಗುರುಗಳು ಕೈಯಲ್ಲಿದ್ದ ಚಿಟಿಕೆ ತಾಳಗಳನ್ನು ಕೆಳಗಿಟ್ಟು ಹೇಳತೊಡಗಿದರು.

ಹೊಳೆ ದಂಡೆಯ ಒಂದು ಊರಿನಲ್ಲಿ ಸಣ್ಣದೊಂದು ರೇಡಿಯೊ ಕೇಂದ್ರವಿತ್ತು. ಅಲ್ಲಿ ನಾಗವೇಣಿ ಎಂಬ ಉದ್ಘೋಷಕಿ ಇದ್ದಳು. ಅವಳ ದನಿಗೆ ಊರೇ ಮರುಳಾಗಿತ್ತು. ಅದು ಅವಳಿಗೂ ಗೊತ್ತಿತ್ತು, ಗೊತ್ತಿದ್ದುದೇ ತಾಪತ್ರಯವಾಯಿತು. ಎಲ್ಲಿ ಒಂದಕ್ಷರ ಎಡವಿ ಹೆಸರು ಕೆಡುವುದೋ ಎಂಬ ಅಂಜಿಕೆ ದಿನವೂ ಅವಳನ್ನು ತಿನ್ನುತ್ತಿತ್ತು.

ಕೇಂದ್ರಕ್ಕೆ ಹೊಸ ಯಂತ್ರಗಳು ಬಂದವು. ಅವುಗಳನ್ನು ನೋಡಿಕೊಳ್ಳುವ ಖಾಸಿಮ ಸಾಬ ಅವಳ ಹೆಡ್‌ಫೋನಿಗೆ ಎರಡು ದನಿಗಳನ್ನು ಜೋಡಿಸಿದ. ಬಲಗಿವಿಗೆ ಮೇಜಿನ ದನಿ. ಅಂದರೆ ಮೈಕಿನಿಂದ ನೇರವಾಗಿ ಬರುವ ಮಾತು. ಎಡಗಿವಿಗೆ ಗಾಳಿಯ ದನಿ. ಅಂದರೆ ಅದೇ ಮಾತು ಗುಡ್ಡದ ಮೇಲಿನ ಗೋಪುರಕ್ಕೆ ಹೋಗಿ, ಊರಿಗೆಲ್ಲ ಹರಡಿ, ಪಕ್ಕದ ಕೋಣೆಯ ರೇಡಿಯೊದಲ್ಲಿ ಮರಳಿ ಬಂದದ್ದು. ಮೇಜಿನ ದನಿ ತಿಳಿಯಾಗಿತ್ತು. ಗಾಳಿಯ ದನಿ ಕರಕರ ಎನ್ನುತ್ತಿತ್ತು, ತುಸು ತಡವಾಗಿಯೂ ಬರುತ್ತಿತ್ತು. ತಾನಾಡಿದ ಮಾತೇ ಹಿಂದಿನಿಂದ ಬಂದು ಅಣಕಿಸಿದಂತಾಗಿ ನಾಗವೇಣಿ ಮೊದಲ ದಿನವೇ ಎರಡು ಸಲ ತೊದಲಿದಳು.

“ಸಾಬರ, ಎರಡೂ ಕಿವಿಗೆ ಮೇಜಿಂದನ ಕೊಡ್ರಿ” ಎಂದಳು.

“ಅಕ್ಕಾರ, ಗಾಳಿ ದನಿ ಸಣ್ಣದು ಮಾಡತೀನಿ, ತಗಿಯೂದು ಬ್ಯಾಡ. ನೀವು ಚಂದ ಓದಿದ್ರೋ ಇಲ್ಲೋ ಅದು ಹೇಳೂದಿಲ್ಲ. ಮಂದಿಗೆ ಮುಟ್ಟಿತೋ ಇಲ್ಲೋ, ಅಷ್ಟ ಹೇಳತೈತಿ.”

“ನನ್ನ ಮಾತು ಮಂದಿಗೆ ಮುಟ್ಟತೈತಿ ಅನ್ನೂದು ನನಗ ಗೊತ್ತೈತಿ.”

ಹಿರಿಯಳ ಮಾತು ಮೀರಲಾರದೆ ಖಾಸಿಮ ಸಾಬ ತಂತಿ ಬದಲಿಸಿಕೊಟ್ಟ. ಅಂದಿನಿಂದ ಅವಳು ತೊದಲಲಿಲ್ಲ.

ಬೇಸಿಗೆ ಬಂತು. ಹೊಳೆಯ ಮರಳಿನಲ್ಲಿ ಕಲ್ಲಂಗಡಿ ಕೊಯ್ಲು ನಡೆದಿತ್ತು. ನಾಗವೇಣಿಯ ತಂಗಿ ಸುಗಂಧಿಯೂ ಎಳೆಗೂಸನ್ನು ಗುಡಿಸಲಿನಲ್ಲಿ ಮಲಗಿಸಿ ಕೊಯ್ಯುತ್ತಿದ್ದಳು. ಮೇಲಿನ ಅಣೆಕಟ್ಟಿನಿಂದ ನೀರು ಬಿಡುವ ಮುನ್ನ ರೇಡಿಯೊದಲ್ಲಿ ಸುದ್ದಿ ಬರುತ್ತಿತ್ತು. ಮರಳಿನಲ್ಲಿ ದುಡಿಯುವವರು ಅದನ್ನೇ ನಂಬಿ ದಿನವಿಡೀ ಗುಡಿಸಲಿನಲ್ಲಿ ರೇಡಿಯೊ ಹಚ್ಚಿಡುತ್ತಿದ್ದರು.

ಒಂದು ಮಧ್ಯಾಹ್ನ ಕೇಂದ್ರಕ್ಕೆ ಸುದ್ದಿ ಬಂತು: ಅಣೆಕಟ್ಟಿನ ಬಾಗಿಲು ತೆರೆದಿದ್ದಾರೆ, ಒಂದು ತಾಸಿನೊಳಗೆ ನೀರು ಇಲ್ಲಿರುತ್ತದೆ. ನಾಗವೇಣಿ ಕೂಡಲೇ ಓದಿದಳು. ಒಂದಕ್ಷರವೂ ಎಡವಲಿಲ್ಲ. ಓದಿ, ದಪ್ಪ ಗಾಜಿನ ಕಿಟಕಿಯಿಂದ ಹೊಳೆಯತ್ತ ನೋಡಿದಳು. ಮರಳಿನಲ್ಲಿ ಯಾರೂ ಕದಲಲಿಲ್ಲ. ಸುಗಂಧಿ ಬಗ್ಗಿ ಕಾಯಿ ಕೊಯ್ಯುತ್ತಲೇ ಇದ್ದಳು.

ಮತ್ತೆ ಓದಿದಳು. ಯಾರೂ ಕದಲಲಿಲ್ಲ. ಈ ಜನಕ್ಕೆ ಏನಾಗಿದೆ ಎಂದು ಅವಳಿಗೆ ಮೊದಲು ಸಿಟ್ಟು ಬಂತು. ಮೂರನೆಯ ಸಲ ಇನ್ನೂ ಬಿಡಿಸಿ, ಇನ್ನೂ ಚೆನ್ನಾಗಿ ಓದಿದಳು. ಎರಡೂ ಕಿವಿಗಳಲ್ಲಿ ಅವಳ ದನಿ ತಿಳಿಯಾಗಿ ತುಂಬಿತ್ತು. ಹೊರಗೆ ಆ ದನಿಗೆ ಒಂದು ತಲೆಯೂ ಏಳಲಿಲ್ಲ. ಸಿಟ್ಟು ಇಳಿದು ಹೆದರಿಕೆ ಹತ್ತಿತು. ಗಡಿಯಾರ ನೋಡಿದಳು, ಹೊಳೆ ನೋಡಿದಳು, ಓದಿದಳು. ಓದುವುದು ಬಿಟ್ಟು ಬೇರೇನು ಮಾಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಮುಕ್ಕಾಲು ತಾಸು ಹೀಗೆಯೇ ಹೋಯಿತು.

ಖಾಸಿಮ ಸಾಬ ಊಟಕ್ಕೆ ಹೋಗಿದ್ದ. ಖಾನಾವಳಿಯ ರೇಡಿಯೊ ಬರೀ ಸುಯ್ ಎನ್ನುವುದನ್ನು ಕೇಳಿ ಎಂಜಲುಗೈಯಲ್ಲೇ ಓಡಿದವನು, ದಾರಿಯ ಅಗೆತದಲ್ಲಿ ತುಂಡಾದ ತಂತಿ ಕಂಡು, ಬಂದು ಬಾಗಿಲು ನೂಕಿದ. “ಅಕ್ಕಾರ, ರಸ್ತೆ ಅಗಿಯಾವರು ಗುಡ್ಡದ ತಂತಿ ಕಡದಾರ! ನಿಮ್ಮ ಮಾತು ಈ ಖೋಲಿ ದಾಟಿಲ್ಲ!”

ನಾಗವೇಣಿ ಹೆಡ್‌ಫೋನ್ ಕಿತ್ತೆಸೆದು ದಂಡೆಗೆ ಓಡಿದಳು. ಗಂಟಲು ಹರಿಯುವಂತೆ ಕೂಗಿದಳು. ಸುಗಂಧಿ ತಲೆಯೆತ್ತಿ, ಅಕ್ಕ ಮಾತಾಡಿಸಲು ಬಂದಳೆಂದು ನಕ್ಕು ಕೈಬೀಸಿದಳು. ಆ ನಗು ನೋಡಿ ನಾಗವೇಣಿ ಮತ್ತೆ ಕೂಗಿದಳು: “ನೀರು! ಕೂಸಿನ್ನ ಎತ್ತಿಕೋ! ನೀರು!” ಮಾತು ತೊದಲಿತು, ದನಿ ಒಡೆಯಿತು. ಮೂರನೆಯ ಕೂಗಿಗೆ ತಂಗಿಗೆ ತಿಳಿಯಿತು.

ಉಳಿದವರು ದಂಡೆ ಹತ್ತಿದರು. ಕೂಸನ್ನು ಎತ್ತಿಕೊಳ್ಳಲು ಗುಡಿಸಲಿಗೆ ಹೋದ ಸುಗಂಧಿ ಹಿಂದುಳಿದಳು. ಅವಳು ದಂಡೆ ಮುಟ್ಟುವಷ್ಟರಲ್ಲಿ ಕೆಂಪು ನೀರು ಅವಳ ಎದೆಮಟ್ಟ ಬಂದಿತ್ತು. ನಾಲ್ಕು ಜನ ಕೈ ಕೈ ಹಿಡಿದು ತಾಯಿ ಮಗುವನ್ನು ಎಳೆದುಕೊಂಡರು. ಗುಡಿಸಲು ಕಣ್ಣೆದುರೇ ಹೋಯಿತು.

ಮರುದಿನ ನಾಗವೇಣಿ ಖಾಸಿಮ ಸಾಬನಿಗೆ ಹೇಳಿ ಎಡಗಿವಿಗೆ ಗಾಳಿಯ ದನಿಯನ್ನು ಮರಳಿ ಹಾಕಿಸಿಕೊಂಡಳು. ಆಮೇಲೆ ಆಗಾಗ ತೊದಲಿದಳು. ಅವಳ ದನಿ ಮೊದಲಿನಂತಿಲ್ಲ ಎಂದು ಊರು ಆಡಿಕೊಂಡಿತು.

ಗುರುಗಳು ಕತೆ ನಿಲ್ಲಿಸಿದರು. ಮುಕುಂದ ಕೇಳಿದ: “ಆಡಿಕೊಂಡರೂ ಹಾಗೇ ಓದಿದಳೆಂದರೆ, ಅವಳ ಭಯ ಹೋಯಿತಲ್ಲವೇ ಗುರುಗಳೇ?”

“ಹೋಗಲಿಲ್ಲಪ್ಪ, ಅಲ್ಲಿಯವರೆಗೆ ತನಗಾಗಿ ಹೆದರುತ್ತಿದ್ದಳು, ಅಂದಿನಿಂದ ಕೇಳುವವರಿಗಾಗಿ ಹೆದರಿದಳು.”

ಮುಕುಂದ ಚಿಟಿಕೆ ತಾಳಗಳನ್ನು ಎತ್ತಿಕೊಂಡು, ಗುರುಗಳ ಮುಖ ನೋಡುತ್ತಲೇ ಕೀರ್ತನೆ ಆರಂಭಿಸಿದ.