ಪಕ್ಕದ ಮನೆಯ ನೋವು

“ಅಜ್ಜಿ, ಸೊಂಟಕ್ಕ ಸಣ್ಣ ಆಪರೇಷನ್ ಚಲೋನೋ, ದೊಡ್ಡದು ಚಲೋನೋ?” ಎಂದು ನೀನು ಕೇಳಿದೆ. ನಿನ್ನ ಜೊತೆಯ ಕಂಡಕ್ಟರ್ ಶಾಂಭವಿ ಸಣ್ಣದು ಮಾಡಿಸಿಕೊಂಡು ಬೇಗ ಮತ್ತೆ ಬಸ್ಸು ಹತ್ತಿದಳು, ನಿನಗೂ ಅದೇ ಸಾಕು ಎಂದೂ ನೀನೇ ಹೇಳಿದೆ. ಕೂಡು, ಸುಗಂಧಿ. ಕೂಡಲಾಗದಿದ್ದರೆ ಮಗ್ಗುಲಾಗಿ ಮಲಗಿಯೇ ಕೇಳು. ಕತೆ ಕೇಳುವುದಕ್ಕೆ ಸೊಂಟ ನೆಟ್ಟಗಿರಬೇಕೆಂದೇನೂ ಇಲ್ಲ.

ಒಬ್ಬ ನೇಕಾರನಿದ್ದ. ನೆಲದಲ್ಲಿ ತೋಡಿದ ಕುಣಿಗೆ ಕಾಲಿಳಿಬಿಟ್ಟು ನೇಯುವ ಮಗ್ಗ ಅವನದು. ಗೋಡೆಯಾಚೆ ಇನ್ನೊಬ್ಬ ನೇಕಾರ. ಒಂದೇ ವರ್ಷ ಇಬ್ಬರಿಗೂ ಸೊಂಟ ಹಿಡಿಯಿತು. ನೆರೆಯವನಿಗೆ ಕಾಲಿನದೇ ಕಾಟ. ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿ ನರ ಒತ್ತಿತ್ತು. ಡಾಕ್ಟರು ಉಬ್ಬಿದ ಚೂರನ್ನಷ್ಟೇ ತೆಗೆದರು. ಅವನು ಬೇಗ ಎದ್ದು ಓಡಾಡಿದ.

ನಮ್ಮವನ ನೋವು ಬೇರೆ. ಕಾಲೂ ಎಳೆಯುತ್ತಿತ್ತು, ನಿಜ. ಆದರೆ ಕುಣಿಯಿಂದ ಏಳುವಾಗ ನಡುವೇ ಕಳಚಿ ಬೀಳುವ ಹಾಗಾಗುತ್ತಿತ್ತು. ಹೆಂಡತಿ ತೋಳು ಕೊಟ್ಟರೇ ಏಳುವುದು. ಡಾಕ್ಟರು ಸ್ಕ್ಯಾನಿಂಗ್ ಫಿಲ್ಮ್ ನೋಡಿ ತಿಳಿಸಿ ಹೇಳಿದರು: ಮೆತ್ತೆಯೂ ಉಬ್ಬಿದೆ, ಮೂಳೆಯೂ ಕೊಂಚ ಜಾರಿದೆ. ಮೆತ್ತೆಯ ಕಾಟವಷ್ಟೇ ಆದರೆ ಚೂರು ತೆಗೆದರಾಯಿತು. ಮೂಳೆಯದಾದರೆ ಸ್ಕ್ರೂ ಹಾಕಿ ಎರಡು ಮೂಳೆಗಳನ್ನು ಬೆಸೆಯಬೇಕು, ಆಮೇಲೆ ಬಹಳ ತಿಂಗಳು ಮಗ್ಗ ಮುಟ್ಟುವಂತಿಲ್ಲ.

“ಫಿಲ್ಮಿನಾಗ ಎರಡೂ ಕಾಣತಾವ. ಕಾಡೋದು ಯಾವುದು, ಅದನ್ನ ನೀವ ಹೇಳಬೇಕು,” ಎಂದರು.

ಮಗ್ಗದ ಮೇಲೆ ಮಗಳ ಮದುವೆಯ ಸೀರೆಯಿತ್ತು, ಮದುವೆ ಹತ್ತಿರ ಬಂದಿತ್ತು. ಮಗಳು ಹಸೆ ಏರುವ ಸೀರೆಯನ್ನು ತಂದೆಯೇ ನೇಯುವುದು ಅವರ ಮನೆತನದ ಪದ್ಧತಿ.

“ಕಾಲು ಸಾಹೇಬರ, ಬರೀ ಕಾಲು. ಸೊಂಟದಿಂದ ಹಿಮ್ಮಡಿ ತನಕ ಕಾದ ತಂತಿ ಎಳದಂಗ,” ಎಂದ. ನೆರೆಯವನು ದಿನಾ ಗೋಡೆಯಾಚೆ ನರಳುತ್ತಿದ್ದ ಮಾತನ್ನೇ ಒಂದಕ್ಷರ ಬಿಡದೆ ಒಪ್ಪಿಸಿದ. ಹೆಂಡತಿಯನ್ನು ಹೊರಗೇ ಕೂಡಿಸಿ ಬಂದಿದ್ದ.

ಚೂರು ತೆಗೆದರು. ಕಾಲಿನ ಎಳೆತ ಹೋಯಿತು. ಡಾಕ್ಟರು ಹೇಳಿದಷ್ಟು ದಿನ ಕಾದು ಕುಣಿಗಿಳಿದ. ಒಂದು ಮೊಳ ನೇಯ್ದ. ಏಳಲು ಹೋದ, ಆಗಲಿಲ್ಲ. ನೆರೆಯವನೇ ಬಂದು ಎತ್ತಿ ಹೊರಸಿನ ಮೇಲೆ ಮಲಗಿಸಿದ.

ಆಗ ನಿಜ ಬಾಯಿಬಿಟ್ಟ. ಹೆಂಡತಿ ಬೈಯಲಿಲ್ಲ. ಸೆರಗಿನಿಂದ ಅವನ ಬೆವರೊರೆಸಿದಳು. “ಎಳಿ ಹರದರ ಗಂಟು ಹಾಕತೀರಿ. ಮಗ್ಗದ ಕಂಬ ಅಲಗಿದರ ಬೆಣಿ ಬಡೀತೀರಿ. ಕಂಬ ಅಲಗೋದು ಗೊತ್ತಿದ್ದೂ ಗಂಟು ಹಾಕಿಸಿಕೊಂಡು ಬಂದ್ರಲ್ಲ,” ಎಂದಳು.

ಆಮೇಲೇನಾಯಿತು ಅಂದೆಯಾ? ಉಳಿದ ಸೀರೆಯನ್ನು ನೆರೆಯವನು ನೇಯ್ದು ಮುಗಿಸಿದ. ಅವನು ಇಂದಿಗೂ ನೇಯುತ್ತಾನೆ. ಮಗಳು ಇಬ್ಬರ ಕೈಯ ಸೀರೆಯುಟ್ಟು ಹಸೆ ಏರಿದಳು. ನಮ್ಮವನು ಎರಡನೆಯ ಸಲ ಆಪರೇಷನ್ನಿಗೆ ಮಲಗಿ ಮೂಳೆ ಬೆಸೆಯಿಸಿಕೊಂಡ. ಈಗ ನೆಟ್ಟಗೆ ನಡೆಯುತ್ತಾನೆ, ಕುಣಿಗೆ ಮಾತ್ರ ಇಳಿಯುವುದಿಲ್ಲ. ಹೆಂಡತಿಯ ಪಕ್ಕ ಕೂತು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಾನೆ, ಅವಳು ಸುತ್ತಿದ್ದು ಸಡಿಲ ಎಂದು ಕೊಂಕು ಬೇರೆ. ಆ ಡಾಕ್ಟರು ಈಗ ಗಂಡ ಬಂದರೆ ಹೆಂಡತಿಯನ್ನೂ ಒಳಗೆ ಕರೆಸಿಯೇ ಕೇಳುತ್ತಾರೆ.

ಈಗ ನೀ ಹೇಳು ನನ್ನವ್ವ: ಡಾಕ್ಟರ ಮುಂದೆ ನೀನು ಹೇಳಿಬಂದದ್ದು ನಿನ್ನ ನೋವನ್ನೋ, ಶಾಂಭವಿಯ ನೋವನ್ನೋ?